ಕುದುರೆ ಉಜ್ಜುವ ಸಾಧನ

ದುರ್ಗದ ಕೋಟೆ ಹಿಂದೆಯೇ ಉಳಿಯಿತು.
ಎಲ್ಲರೂ ಹತ್ತುತ್ತಾರೆ ಬಿಡು, ಅಂದಳು ಬೀರಮ್ಮ,
ನಮ್ಮ ಮಂಡಿಗೆ ಎರಡು ಕೋಣೆಯ ಇತಿಹಾಸ ಸಾಕು.

ನಾವಿಬ್ಬರೂ ದಾವಣಗೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಮೂವತ್ತೊಂದು ವರ್ಷ ಅಕ್ಕಪಕ್ಕ ಕೂತವರು.
ಹೊಳಲ್ಕೆರೆ, ಜಗಳೂರು, ಹಿರಿಯೂರು, ಚಳ್ಳಕೆರೆ
ನಮಗೆ ಊರುಗಳಲ್ಲ, ಬೋರ್ಡಿನ ಮೇಲಿನ ತೂತುಗಳು.
ಪಿಂಚಣಿ ಬಂದಮೇಲೆ ಈಗ
ಒಂದೊಂದು ತೂತಿನೊಳಗೂ ಕಾರು ನುಗ್ಗಿಸಿ
ಆ ಕಡೆ ಯಾರಿದ್ದರು ಅಂತ ನೋಡಿ ಬರುತ್ತಿದ್ದೇವೆ.

ಚಳ್ಳಕೆರೆಯಲ್ಲಿ ಕೇಳಿದರೆ ಯಾರಿಗೂ ಗೊತ್ತಿಲ್ಲ.
ಮ್ಯೂಸಿಯಮ್ಮಾ? ಕಣ್ಣಾಸ್ಪತ್ರೇನಾ?
ಕೊನೆಗೆ ಶೇಂಗಾ ಚೀಲ ಹೊಲಿಯುತ್ತಿದ್ದ ಹುಡುಗ
ದಬ್ಬಳದಲ್ಲೇ ದಿಕ್ಕು ತೋರಿಸಿದ:
ಮುಚ್ಚಿದ ಎಣ್ಣೆ ಮಿಲ್ಲಿನ ಹಿಂದೆ ನೀಲಿ ಬಾಗಿಲು,
ಬೀಗದ ಕೈ ಪಾಲಯ್ಯನ ಹತ್ತಿರ,
ಪಾಲಯ್ಯ ಸೈಕಲ್ ಅಂಗಡಿಯಲ್ಲಿ.

ಕೈಯ ಗ್ರೀಸು ಒರೆಸಿಕೊಳ್ಳುತ್ತ ಬಂದ.
ಟ್ಯೂಬ್‌ಲೈಟು ಎರಡು ಸಲ ಯೋಚಿಸಿ ಹತ್ತಿಕೊಂಡಿತು.

ಅಲ್ಲಿ ಎಲ್ಲವೂ ಮೊದಲನೆಯದು.
ಊರಿಗೆ ಬಂದ ಮೊದಲ ಬಸ್ಸಿನ ಹಾರನ್ನು,
ಅದರ ರಬ್ಬರು ಉದುರಿ ತಟ್ಟೆಯಲ್ಲಿ ಕೂತಿದೆ.
ಮೊದಲ ಬಾವಿ ತೋಡಿದ ಹಾರೆ,
ಕಲ್ಲು ತಿಂದು ತಿಂದು ಬೆರಳಿನಷ್ಟಾಗಿದೆ.
ಮೊದಲ ಪೆಟ್ರೋಮ್ಯಾಕ್ಸು. ಮೊದಲ ತಕ್ಕಡಿ,
ಈಗಲೂ ಎಡಕ್ಕೇ ವಾಲುತ್ತದೆ.
ಎರಡನೇ ಬಸ್ಸು ಓಡಿಸಿದವನು ಯಾರೋ ಪಾಪ,
ಅಂದಳು ಬೀರಮ್ಮ, ಅವನಿಗೆ ಮೊಳೆಯೂ ಇಲ್ಲ.

ಮೂಲೆಯಲ್ಲಿ ಕರಿಯ ಫೋನು. ನಂಬರು ಒಂದು.
ಎತ್ತಿ ಕಿವಿಗಿಟ್ಟೆ, ಅಭ್ಯಾಸ.
ಒಳಗೆ ಜೇಡ.

ಅದರ ಪಕ್ಕ ಒರಟು ಬೇರಿನ ದೊಡ್ಡ ಬ್ರಷ್ಷು,
ಮರದ ಹಿಡಿಕೆ, ಕೆಳಗೆ ರಟ್ಟಿನ ಚೀಟಿ:
ಕುದುರೆ ಮೈ ಉಜ್ಜುವ ಸಾಧನ. ಪಾಳೇಗಾರರ ಕಾಲ.

ಬೀರಮ್ಮ ಕನ್ನಡಕ ಹಣೆಗೇರಿಸಿದಳು.
ಯಾವ ಪಾಳೇಗಾರನಪ್ಪಾ? ಇದು ಕುಂಚಿಗೆ.
ಹುಣಸೆ ಬೀಜ ಹುರಿದು ನೆನೆಸಿ ರುಬ್ಬಿ ಕಾಯಿಸಿ
ಬೀದಿಯುದ್ದ ಚಾಚಿದ ಕರಿ ಉಣ್ಣೆಯ ನೂಲಿಗೆ
ಅಂಟು ಬಳಿಯೋದು. ಆಮೇಲೇ ಮಗ್ಗ, ಆಮೇಲೇ ಕಂಬಳಿ.
ನಮ್ಮಜ್ಜಿ ಹೀಗೆ ಎಳಕೊಂಡು ಹೋಗೋಳು,
ನಾವು ಹುಡುಗರು ಕೆಳಗೆ ತೂರಿ
ತಲೆಗೆಲ್ಲ ಮೆತ್ತಿಕೊಂಡು ಬೈಸಿಕೊಳ್ಳೋದು.

ಹೀಗೆ, ಅಂತ ಗೋಡೆಯಿಂದ ಬಾಗಿಲವರೆಗೆ
ನಾಲ್ಕು ಹೆಜ್ಜೆ, ಗಾಳಿಗೆ ಅಂಟು ಬಳಿದಳು.
ಆ ಕೈ ತಂತಿ ಚುಚ್ಚುವುದನ್ನು, ಕೀಳುವುದನ್ನು
ಮೂವತ್ತೊಂದು ವರ್ಷ ನೋಡಿದ್ದೇನೆ.
ಇದನ್ನು ನೋಡಿರಲಿಲ್ಲ.

ಪಾಲಯ್ಯ ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಹದಿನಾರು ವರ್ಷದಿಂದ ಶಾಲೆ ಹುಡುಗರಿಗೆ
ಕುದುರೆ ಅಂತಲೇ ಹೇಳಿದೀನಿ ಮೇಡಂ.
ಒಬ್ಬ ಹುಡುಗ ಇದಕ್ಕೆ ಮೂಗಿಟ್ಟು
ಕುದುರೆ ವಾಸನೆ ಬಂತು ಅಂದಿದ್ದ.

ಚೀಟಿ ತಿರುವಿ ಹಾಕಿ ಪೆನ್ನು ತೆಗೆದ.
ಕಂಬಳಿ ನೇಯುವವರ ಕುಂಚಿಗೆ.
ಹೇಳಿದವರು: ಬೀರಮ್ಮ, ದಾವಣಗೆರೆ.
ದಾವಣಗೆರೆ ಬೇಡ, ಪರಶುರಾಂಪುರ ಅಂತ ಬರಿ,
ಅಂದಳು. ಆ ಊರಿನ ಹೆಸರು
ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.
ಅವನು ರ ಕ್ಕೆ ಒತ್ತು ಕೊಟ್ಟು ತಪ್ಪು ಬರೆದ.
ನಾವು ತಿದ್ದಲಿಲ್ಲ.

ಹಿರಿಯೂರಿನ ರಸ್ತೆಯಲ್ಲಿ ಕುರಿ ಹಿಂಡು ಅಡ್ಡ ಬಂತು.
ಕಾಯುವವನ ಮೈಮೇಲೆ ಕಂಪನಿ ಹೆಸರಿನ ಜಾಕೆಟ್ಟು,
ಕಿವಿಯಲ್ಲಿ ಮೊಬೈಲು.
ಎಂಜಿನ್ನು ಆರಿಸಿ ಕೂತೆವು.
ಬೀರಮ್ಮ ಹುರಿದ ಶೇಂಗಾ ಸುಲಿಯುತ್ತಿದ್ದಳು,
ಸಿಪ್ಪೆ ಮಡಿಲಲ್ಲಿ, ಬೀಜ ನನ್ನ ಕೈಗೆ.

ನಮ್ಮಜ್ಜಿ ಕುಂಚಿಗೆಗೆ ಹಿಡಿಕೆ ಇರಲಿಲ್ಲ ಕಣೆ.

ನಾನು ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿದೆ.
ತಿರುಗಿಸಲಾ?

ಇನ್ನೊಂದು ಕಾಯಿ ಒಡೆದಳು. ಜೊಳ್ಳು.
ಬೇಡ. ಹದಿನಾರು ವರ್ಷ ಕುದುರೆ ನಿಂತಿತ್ತಲ್ಲ,
ಇನ್ನೊಂದಿಷ್ಟು ದಿನ ಅಜ್ಜಿ ನಿಂತಿರಲಿ.

ಕೊನೆಯ ಕುರಿ ಇನ್ನೂ ದಾಟಿರಲಿಲ್ಲ.